ಟಾರ್ಕಿಯ ಮೇಣದ ಹಡಗುಗಳು

1867ರಲ್ಲಿ ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಪ್ರಾಂತ್ಯದಲ್ಲಿ, ಡಾರ್ಟ್ ನದಿ ಸಮುದ್ರ ಸೇರುವ ಅಳಿವೆಯಲ್ಲಿ, ಒಂದು ಸಣ್ಣ ಹಬೆದೋಣಿ ಆಟಿಕೆಯಂತಿದ್ದ ಹಡಗುಗಳನ್ನು ಎಳೆದುಕೊಂಡು ಓಡಾಡುತ್ತಿತ್ತು. ಅವುಗಳಲ್ಲಿ ಎರಡು ಜಾತಿ. ಒಂದರ ಮೂತಿ ಚೂಪು, ನೀರನ್ನು ಚಾಕುವಿನಂತೆ ಸೀಳುವಂಥದ್ದು. ಅದಕ್ಕೆ ‘ರೇವನ್’ ಎಂದು ಹೆಸರು, ಅಂದರೆ ಕಾಡುಕಾಗೆ. ಇನ್ನೊಂದರದು ದುಂಡು ಮೂತಿ, ತುಂಬಿದ ಎದೆ. ಅದು ‘ಸ್ವಾನ್’, ಹಂಸ. ಪ್ರತಿ ಜಾತಿಯಲ್ಲೂ ಮೂರು ಅಳತೆಗಳು: 3 ಅಡಿ, 6 ಅಡಿ, 12 ಅಡಿ. ಎಳೆಯುವ ಹಗ್ಗದ ಮೇಲೆ ಎಷ್ಟು ಬಲ ಬೀಳುತ್ತಿದೆ ಎಂದು ಉಪಕರಣವೊಂದು ಬರೆದುಕೊಳ್ಳುತ್ತಿತ್ತು.

ಇದನ್ನೆಲ್ಲ ಮಾಡುತ್ತಿದ್ದವನು ವಿಲಿಯಂ ಫ್ರೂಡ್. ಆಗ ಅವನಿಗೆ ಸುಮಾರು 57 ವರ್ಷ. ಇದು ಸರ್ಕಾರಿ ನೌಕರಿಯಲ್ಲ, ಕಂಪನಿಯ ಕೆಲಸವೂ ಅಲ್ಲ. ರೈಲ್ವೆ ಎಂಜಿನಿಯರ್ ಆಗಿ ಇಸಾಂಬಾರ್ಡ್ ಬ್ರುನೆಲ್‌ನ ಕೈಕೆಳಗೆ ದುಡಿದು, ಆಮೇಲೆ ಊರಿಗೆ ಮರಳಿ, ಸ್ವಂತ ಖರ್ಚಿನಲ್ಲಿ ಹಡಗುಗಳ ಹಿಂದೆ ಬಿದ್ದವನು ಅವನು. ಸಿವಿಲ್ ಎಂಜಿನಿಯರಿಂಗ್ ಓದಿದವರಿಗೆ ಕಾಲುವೆಯಲ್ಲಿ ಹರಿಯುವ ನೀರಿನ ಲೆಕ್ಕದಲ್ಲಿ ‘ಫ್ರೌಡ್ ನಂಬರ್’ ಎಂಬುದೊಂದು ಬರುವುದು ನೆನಪಿರಬಹುದು. ಆ ಹೆಸರು ಇವನದೇ.

ಅವನ ಮುಂದಿದ್ದ ಪ್ರಶ್ನೆಯನ್ನು ಮಗು ಕೂಡ ಕೇಳಬಹುದು: ಸಣ್ಣ ದೋಣಿಯನ್ನು ನೋಡಿ ದೊಡ್ಡ ಹಡಗು ಹೇಗೆ ಓಡುತ್ತದೆ ಎಂದು ಹೇಳಬಹುದೇ? ಉತ್ತರ ಮಾತ್ರ ಮಕ್ಕಳಾಟವಾಗಿರಲಿಲ್ಲ. ಅಂದಿನ ಇಂಗ್ಲೆಂಡಿನ ಹೆಸರಾಂತ ಹಡಗು ಎಂಜಿನಿಯರ್‌ಗಳಲ್ಲಿ ಹೆಚ್ಚಿನವರು ‘ಆಗದು’ ಎಂದೇ ನಂಬಿದ್ದರು. ಹಾಗೆ ನಂಬಲು ಅವರಿಗೆ ಕಾರಣವೂ ಇತ್ತು.

ಮೀನಿನಿಂದ ಕಾಲುವೆಯವರೆಗೆ

ಹಡಗಿನ ಒಡಲನ್ನು, ಇಂಗ್ಲಿಷಿನವರು ‘ಹಲ್’ ಎಂದು ಕರೆಯುವ ಆ ಭಾಗವನ್ನು, ಯಾವ ಆಕಾರದಲ್ಲಿ ಮಾಡಬೇಕು ಎಂಬುದು ಬಹುಕಾಲ ಬಾಯಿಮಾತಿನ, ಕೈಗುಣದ ವಿದ್ಯೆಯಾಗಿತ್ತು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ರಾಜಮನೆತನಕ್ಕೆ ಹಡಗು ಕಟ್ಟಿಕೊಡುತ್ತಿದ್ದ ಮ್ಯಾಥ್ಯೂ ಬೇಕರ್ ಬಿಟ್ಟುಹೋದ ಹಸ್ತಪ್ರತಿಯಲ್ಲಿ ಒಂದು ಚಿತ್ರವಿದೆ. ಹಡಗಿನ ನೀರೊಳಗಿನ ಭಾಗದ ಮೇಲೆ ಒಂದು ಮೀನನ್ನು ಬರೆದಿದ್ದಾರೆ. ಮುಂಭಾಗ ಕಾಡ್ ಮೀನಿನ ತಲೆಯಂತೆ ದಪ್ಪ, ಹಿಂಭಾಗ ಬಂಗುಡೆ ಜಾತಿಯ ಮೀನಿನ ಬಾಲದಂತೆ ಸಣ್ಣ. ನೀರಿನಲ್ಲಿ ಚೆನ್ನಾಗಿ ಓಡುವ ಜೀವವನ್ನು ನೋಡಿ ಹಡಗು ಮಾಡು ಎಂಬುದು ಅಂದಿನ ಪಾಠ. ತಪ್ಪೆಂದು ಹೇಳಲಾಗದು. ಆದರೆ ಎಷ್ಟು ದಪ್ಪ, ಎಷ್ಟು ಸಣ್ಣ, ಅದರಿಂದ ಲಾಭವೆಷ್ಟು ಎಂಬುದಕ್ಕೆ ಮೀನು ಉತ್ತರ ಕೊಡುವುದಿಲ್ಲ.

ಆ ‘ಎಷ್ಟು’ ಎಂಬ ಪ್ರಶ್ನೆಗೆ ಮನೆಯಲ್ಲೇ ಕುಳಿತು ಉತ್ತರ ಹುಡುಕಿದವರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಒಬ್ಬ. ಹಾಲೆಂಡಿನ ಕಾಲುವೆಯಲ್ಲಿ ಪ್ರಯಾಣ ಮಾಡುತ್ತಿದ್ದಾಗ, ನೀರು ಕಡಿಮೆಯಿರುವುದರಿಂದ ದೋಣಿ ನಿಧಾನ ಎಂದು ಅಂಬಿಗ ಹೇಳಿದ್ದು ಅವನ ತಲೆಯಲ್ಲಿ ಉಳಿದಿತ್ತು. ದೋಣಿಯ ತಳ ನೆಲಕ್ಕೆ ತಾಗದಿದ್ದರೂ ನಿಧಾನವೇ? 1768ರಲ್ಲಿ ಗೆಳೆಯ ಜಾನ್ ಪ್ರಿಂಗಲ್‌ಗೆ ಬರೆದ ಪತ್ರದಲ್ಲಿ ಅವನು ತನ್ನ ಪ್ರಯೋಗವನ್ನು ವಿವರಿಸಿದ್ದಾನೆ. ಹಲಗೆಗಳಿಂದ 14 ಅಡಿ ಉದ್ದ, 6 ಅಂಗುಲ ಅಗಲದ ತೊಟ್ಟಿ ಮಾಡಿಸಿದ. ಅದರಲ್ಲಿ ತೇಲಲು 6 ಅಂಗುಲದ ಸರಕುದೋಣಿಯ ಮಾದರಿ. ದೋಣಿಯ ಮೂತಿಗೆ ರೇಷ್ಮೆ ದಾರ, ದಾರದ ಇನ್ನೊಂದು ತುದಿ ಹಿತ್ತಾಳೆಯ ರಾಟೆಯ ಮೇಲಿಂದ ಇಳಿಬಿದ್ದು, ಅದಕ್ಕೆ ತೂಕವಾಗಿ ಒಂದು ಷಿಲಿಂಗ್ ನಾಣ್ಯ. ತೊಟ್ಟಿಯ ಆಳವನ್ನು ಬದಲಿಸುತ್ತ, ದೋಣಿ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಬೆರಳು ಮಡಿಸಿ ಎಣಿಸಿದ. ಅಂಬಿಗ ಹೇಳಿದ್ದು ಸರಿಯಾಗಿತ್ತು. ನೀರು ಆಳವಿಲ್ಲದಿದ್ದರೆ ಅದೇ ನಾಣ್ಯದ ತೂಕಕ್ಕೆ ದೋಣಿ ತಡವಾಗಿ ತಲುಪುತ್ತಿತ್ತು.

ಫ್ರಾಂಕ್ಲಿನ್‌ನ ಪ್ರಯೋಗ ಎರಡು ಸ್ಥಿತಿಗಳನ್ನು ಹೋಲಿಸಿತು, ಅಷ್ಟೆ. ಆರು ಅಂಗುಲದ ದೋಣಿಯನ್ನು ಎಳೆಯಲು ಒಂದು ನಾಣ್ಯ ಸಾಕಾದರೆ ಅರವತ್ತು ಅಡಿಯ ದೋಣಿಗೆ ಎಷ್ಟು ಕುದುರೆ ಬೇಕು ಎಂಬುದನ್ನು ಅದು ಹೇಳಲಿಲ್ಲ. ಅಲ್ಲಿಗೆ ದಾಟಲು ಇನ್ನೂ ನೂರು ವರ್ಷ ಬೇಕಾಯಿತು.

ಬೆರಳಿಗೆ ಕಾಣುವ ಆಕಾರ

ಅಷ್ಟರಲ್ಲಿ ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಬೇರೊಂದು ಪದ್ಧತಿ ಬೆಳೆದಿತ್ತು. ಅಮೆರಿಕದ ಹಡಗು ಕಟ್ಟುವವರು ಕಾಗದದ ನಕ್ಷೆಗಿಂತ ಮರದ ತುಂಡನ್ನು ಹೆಚ್ಚು ನಂಬಿದ್ದರು. ಹಡಗಿನ ಎಡ ಬಲ ಎರಡೂ ಒಂದೇ ತೆರನಾಗಿರುವುದರಿಂದ ಉದ್ದಕ್ಕೆ ಸೀಳಿದ ಅರ್ಧ ಒಡಲನ್ನು ಮಾತ್ರ ಕೆತ್ತಿದರೆ ಸಾಕು. ಈ ಅರ್ಧ ಮಾದರಿಗೆ ಒಂದು ಜಾಣತನ ಸೇರಿತು. ಒಂದೇ ಮರದ ದಿಮ್ಮಿಯ ಬದಲು, ಸಮ ದಪ್ಪದ ತೆಳು ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ, ಬಿಚ್ಚಲು ಬರುವಂತೆ ಗೂಟ ಹೊಡೆದು, ಆಮೇಲೆ ಕೆತ್ತುವುದು. 1794ರ ಹೊತ್ತಿಗೆ ಮ್ಯಾಸಚೂಸೆಟ್ಸ್‌ನ ನ್ಯೂಬರಿಪೋರ್ಟಿನ ಒರ್ಲ್ಯಾಂಡೊ ಮೆರಿಲ್ ಇದನ್ನು ಮೊದಲು ಮಾಡಿದ ಎಂದು ಹೇಳುವ ವಾಡಿಕೆಯಿದೆ.

ಇದರ ಅನುಕೂಲ ದೊಡ್ಡದು. ಬಡಗಿ ಮೊದಲು ಕಣ್ಣಿಗೆ, ಕೈಗೆ ಸರಿಯೆನಿಸುವ ತನಕ ಮಾದರಿಯನ್ನು ಕೆತ್ತುತ್ತಾನೆ. ಆಮೇಲೆ ಗೂಟ ತೆಗೆದು ಹಲಗೆಗಳನ್ನು ಬಿಡಿಸುತ್ತಾನೆ. ಪ್ರತಿ ಹಲಗೆಯ ಅಂಚನ್ನು ಕಾಗದದ ಮೇಲಿಟ್ಟು ಗೆರೆ ಎಳೆದರೆ, ಆಯಾ ಎತ್ತರದಲ್ಲಿ ಒಡಲಿನ ಆಕಾರ ಸಿಕ್ಕಿತು. ಆ ಗೆರೆಗಳನ್ನು ಅಷ್ಟು ಪಟ್ಟು ಹಿಗ್ಗಿಸಿ ದೊಡ್ಡ ಅಂಗಳದ ನೆಲದ ಮೇಲೆ ಬರೆದರೆ ಹಡಗಿನ ಪಕ್ಕೆಲುಬುಗಳನ್ನು ಕೊಯ್ಯಲು ಅಳತೆ ಸಿದ್ಧ. ಮೊದಲು ಮಾದರಿ, ಆಮೇಲೆ ನಕ್ಷೆ.

ಈ ಪದ್ಧತಿಯನ್ನು ಕೊನೆಯ ಎತ್ತರಕ್ಕೆ ಒಯ್ದವರು ರೋಡ್ ಐಲೆಂಡಿನ ಬ್ರಿಸ್ಟಲ್ ಊರಿನ ಹೆರೆಶಾಫ್ ಸೋದರರು. ಅಣ್ಣ ಜಾನ್ ಹದಿನೈದನೆಯ ವಯಸ್ಸಿನಲ್ಲೇ ಕಣ್ಣು ಕಳೆದುಕೊಂಡಿದ್ದ. ತಮ್ಮ ನಥಾನಿಯಲ್ ಎಂಜಿನಿಯರಿಂಗ್ ಓದಿದವನು. 1878ರಲ್ಲಿ ಇಬ್ಬರೂ ಸೇರಿ ಕಂಪನಿ ಮಾಡಿದರು. ತಮ್ಮ ಮರದಲ್ಲಿ ಅರ್ಧ ಮಾದರಿ ಕೆತ್ತುತ್ತಿದ್ದ, ಅಣ್ಣ ಅದರ ಮೇಲೆ ಬೆರಳಾಡಿಸಿ ಒಡಲನ್ನು ‘ನೋಡುತ್ತಿದ್ದ’. 1893ರಿಂದ 1920ರವರೆಗೆ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯ ಗೆದ್ದ ಐದು ದೋಣಿಗಳು ನಥಾನಿಯಲ್‌ನ ಕೈಯಿಂದ ಬಂದವು. ಅವನ ಅರ್ಧ ಮಾದರಿಗಳು ಈಗಲೂ ಬ್ರಿಸ್ಟಲ್‌ನ ವಸ್ತುಸಂಗ್ರಹಾಲಯದಲ್ಲಿವೆ.

ಮುಂಬಯಿಗೆ ಹೊರಟ ನಕ್ಷೆ

ಇಂಗ್ಲೆಂಡಿನ ನೌಕಾಪಡೆ ಮಾತ್ರ ಕಾಗದವನ್ನು ನೆಚ್ಚಿಕೊಂಡಿತ್ತು. ಸಾಮ್ರಾಜ್ಯ ದೊಡ್ಡದು, ಲಂಡನ್ನಿನಲ್ಲಿ ಬರೆದ ಹಡಗನ್ನು ಎಲ್ಲಿ ಬೇಕಾದರೂ ಕಟ್ಟಿಸಬೇಕು. ಅದರಲ್ಲಿರುವ ಅಪಾಯಕ್ಕೆ ಮುಂಬಯಿಯ ಕತೆಯೇ ಸಾಕ್ಷಿ. 1812ರಲ್ಲಿ ‘ಜಾವಾ’ ಎಂಬ ಬ್ರಿಟಿಷ್ ಯುದ್ಧನೌಕೆ ಮುಂಬಯಿಗೆ ಹೊರಟಿತ್ತು. ಮುಂಬಯಿಗೆ ನೇಮಕವಾಗಿದ್ದ ಹಿರಿಯ ಅಧಿಕಾರಿಯೊಬ್ಬ ಅದರಲ್ಲಿದ್ದ. ಮುಂಬಯಿ ಬಂದರುಕಟ್ಟೆಯಲ್ಲಿ ಕಟ್ಟಬೇಕಾಗಿದ್ದ ಹೊಸ ಹಡಗಿನ ನಕ್ಷೆಗಳೂ ಇದ್ದವು. ಆ ಡಿಸೆಂಬರ್‌ನಲ್ಲಿ ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಅದನ್ನು ಸೋಲಿಸಿತು. ಹಡಗಿನ ಜೊತೆ ನಕ್ಷೆಯೂ ಹೋಯಿತು. ಇನ್ನೊಂದು ಪ್ರತಿ ಬರುವ ತನಕ ಕೆಲಸ ನಿಂತಿತು. ಕೊನೆಗೆ ವಾಡಿಯಾ ಮನೆತನದ ಜಮ್‌ಶೆಟ್‌ಜಿ ಬೊಮನ್‌ಜಿ ಅವರ ಉಸ್ತುವಾರಿಯಲ್ಲಿ ಮಲಬಾರಿನ ತೇಗದಿಂದ ಕಟ್ಟಿದ ಆ ಹಡಗು, ‘ಟ್ರಿಂಕೋಮಲೀ’, 1817ರ ಅಕ್ಟೋಬರ್‌ನಲ್ಲಿ ನೀರಿಗಿಳಿಯಿತು. ಇನ್ನೂರು ವರ್ಷ ದಾಟಿದ ಮೇಲೂ ಅದು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ.

ನಮ್ಮದೇ ಪಶ್ಚಿಮ ಕರಾವಳಿಯಲ್ಲಿ ಇದಕ್ಕೆ ಪೂರ್ತಿ ಎದುರಾದ ವಿದ್ಯೆಯೂ ಇತ್ತು, ಇಂದಿಗೂ ಇದೆ. ಕೇರಳದ ಬೇಪೂರಿನಲ್ಲಿ ‘ಉರು’ ಕಟ್ಟುವ ಮೇಸ್ತ್ರಿಗಳು ನಕ್ಷೆಯಿಲ್ಲದೆ, ಅಳತೆಯ ಅನುಪಾತಗಳನ್ನು ತಲೆಯಲ್ಲಿಟ್ಟುಕೊಂಡು ಭಾರೀ ಮರದ ಹಡಗುಗಳನ್ನು ಎಬ್ಬಿಸುತ್ತಾರೆ. ಅಲ್ಲಿ ಕಳೆದುಹೋಗಲು ಕಾಗದವಿಲ್ಲ. ಆದರೆ ಮೇಸ್ತ್ರಿ ಕಲಿಸದೆ ಹೋದರೆ ವಿದ್ಯೆಯೇ ಹೋಯಿತು.

ತಲೆ, ಕಾಗದ, ಮರದ ಮಾದರಿ. ಈ ಮೂರರಲ್ಲಿ ಯಾವುದನ್ನು ಹಿಡಿದರೂ ಒಂದು ಕೊರತೆ ಉಳಿಯುತ್ತಿತ್ತು. ಹೊಸ ಆಕಾರವೊಂದು ನೀರಿನಲ್ಲಿ ಹೇಗೆ ವರ್ತಿಸುತ್ತದೆ ಎಂದು ಕಟ್ಟುವ ಮುನ್ನ ಗೊತ್ತಾಗುತ್ತಿರಲಿಲ್ಲ. ಹಳೆಯ ಆಕಾರವನ್ನೇ ಸ್ವಲ್ಪ ಸ್ವಲ್ಪ ತಿದ್ದುತ್ತ ಹೋಗುವವರಿಗೆ ಇದು ತೊಂದರೆಯಲ್ಲ. ಆದರೆ 1860ರ ದಶಕದಲ್ಲಿ ಹಾಯಿ ಹೋಗಿ ಹಬೆ, ಮರ ಹೋಗಿ ಕಬ್ಬಿಣ ಬಂದಿತ್ತು. ಹಿಂದೆ ಯಾರೂ ಕಟ್ಟದ ಹಡಗುಗಳನ್ನು ಕಟ್ಟುತ್ತಿದ್ದರು. ತಲೆಮಾರುಗಳ ಅನುಭವ ಒಮ್ಮೆಗೇ ಕೈಕೊಟ್ಟಿತ್ತು.

ಸಣ್ಣದರ ಮೇಲಿನ ಅಪನಂಬಿಕೆ

ಡಾರ್ಟ್ ನದಿಯ ಕಾಗೆ, ಹಂಸಗಳು ಫ್ರೂಡ್‌ಗೆ ಎರಡು ವಿಷಯ ತೋರಿಸಿದವು. ಮೊದಲನೆಯದು, ಚೂಪು ಮೂತಿಯೇ ಯಾವಾಗಲೂ ಮೇಲಲ್ಲ. ವೇಗ ಹೆಚ್ಚಾದಂತೆ ದುಂಡುಮೂತಿಯ ಹಂಸವನ್ನು ಎಳೆಯುವುದೇ ಹಗುರವಾಯಿತು. ಅಂದರೆ ಎಲ್ಲ ವೇಗಕ್ಕೂ ಒಗ್ಗುವ ‘ಆದರ್ಶ ಆಕಾರ’ ಎಂಬುದಿಲ್ಲ. ಎರಡನೆಯದು ಇನ್ನೂ ದೊಡ್ಡದು. 3 ಅಡಿಯ ಹಂಸ ಒಂದು ವೇಗದಲ್ಲಿ ಎಬ್ಬಿಸುವ ಅಲೆಗಳ ಚಿತ್ತಾರವನ್ನೇ 12 ಅಡಿಯ ಹಂಸ ಅದರ ಎರಡರಷ್ಟು ವೇಗದಲ್ಲಿ ಎಬ್ಬಿಸುತ್ತಿತ್ತು. ಚಿತ್ರ ಬರೆದು ಅಳತೆ ಹಿಗ್ಗಿಸಿದರೆ ಎರಡೂ ಒಂದೇ. ಉದ್ದ ನಾಲ್ಕು ಪಟ್ಟಾದರೆ ವೇಗ ನಾಲ್ಕರ ವರ್ಗಮೂಲದಷ್ಟು, ಅಂದರೆ ಎರಡು ಪಟ್ಟು.

1868ರ ಡಿಸೆಂಬರ್‌ನಲ್ಲಿ ಫ್ರೂಡ್ ನೌಕಾಪಡೆಯ ಮುಖ್ಯ ವಿನ್ಯಾಸಕ ಎಡ್ವರ್ಡ್ ರೀಡ್‌ಗೆ ಪ್ರಸ್ತಾವ ಕಳಿಸಿದ. ಮಾದರಿಗಳನ್ನು ಎಳೆದು ಪರೀಕ್ಷಿಸಲು ಮುಚ್ಚಿದ ಕೊಳವೊಂದನ್ನು ಕಟ್ಟಬೇಕು. ಜಾಗ ತನ್ನ ಮನೆಯ ಪಕ್ಕದಲ್ಲಿದೆ. ತನಗೆ ಸಂಬಳ ಬೇಡ.

ವಿರೋಧ ಬಲವಾಗಿತ್ತು. ಬ್ರಿಟಿಷ್ ಅಸೋಸಿಯೇಷನ್ ಇದೇ ವಿಷಯಕ್ಕೆ ನೇಮಿಸಿದ್ದ ಸಮಿತಿ 1869ರಲ್ಲಿ, ಮಾದರಿಗಳಿಂದ ಪ್ರಯೋಜನವಿಲ್ಲ, ನಿಜವಾದ ಹಡಗುಗಳನ್ನೇ ಎಳೆದು ನೋಡಬೇಕು ಎಂದು ವರದಿ ಕೊಟ್ಟಿತು. ಆ ಸಮಿತಿಯಲ್ಲಿ ಫ್ರೂಡ್ ಕೂಡ ಇದ್ದ. ಒಪ್ಪದೆ ಬೇರೆ ಅಭಿಪ್ರಾಯ ಬರೆದವನು ಅವನೊಬ್ಬನೇ. ‘ಗ್ರೇಟ್ ಈಸ್ಟರ್ನ್’ ಎಂಬ ದೈತ್ಯ ಹಡಗನ್ನು ಕಟ್ಟಿದ್ದ ಜಾನ್ ಸ್ಕಾಟ್ ರಸೆಲ್, ಇಂಥ ಪುಟ್ಟ ಪ್ರಯೋಗಗಳು ಚೆಂದ, ಮಾಡುವವರಿಗೆ ಖುಷಿ, ಆದರೆ ದೊಡ್ಡ ಹಡಗಿಗೂ ಅದಕ್ಕೂ ಸಂಬಂಧವಿಲ್ಲ ಎಂಬರ್ಥದಲ್ಲಿ ತಳ್ಳಿಹಾಕಿದ. ಚೂಪು ಮೂತಿಯ ‘ರೇವನ್’ ಹುಟ್ಟಿದ್ದು ರಸೆಲ್‌ನ ಸಿದ್ಧಾಂತದಿಂದಲೇ ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಆದರೆ ವಿರೋಧವೆಲ್ಲ ಅಹಂಕಾರವಾಗಿರಲಿಲ್ಲ. ಹಿಂದೆ ಮಾದರಿಗಳನ್ನು ಎಳೆದು, ಬಂದ ಅಂಕಿಯನ್ನು ನೇರವಾಗಿ ಹಿಗ್ಗಿಸಿದವರೆಲ್ಲ ತಪ್ಪು ಉತ್ತರ ಪಡೆದಿದ್ದರು. ಸಣ್ಣದು ದೊಡ್ಡದರ ಬಗ್ಗೆ ಸುಳ್ಳು ಹೇಳುತ್ತದೆ ಎಂಬುದು ಅವರ ಅನುಭವವೇ ಆಗಿತ್ತು. ಫ್ರೂಡ್ ಕಂಡುಕೊಂಡಿದ್ದು ಇಷ್ಟು: ಸಣ್ಣ ಮಾದರಿ ಒಂದೇ ಉಸಿರಿನಲ್ಲಿ ಒಂದು ನಿಜ, ಒಂದು ಸುಳ್ಳು ಹೇಳುತ್ತದೆ. ಎರಡನ್ನೂ ಬಿಡಿಸಿದರೆ ನಿಜ ಕೈಗೆ ಸಿಗುತ್ತದೆ.

1870ರ ಫೆಬ್ರುವರಿಯಲ್ಲಿ ರೀಡ್‌ನ ಬೆಂಬಲದಿಂದ 2,000 ಪೌಂಡ್ ಮಂಜೂರಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇಡೀ ದೇಶವನ್ನು ಅಲ್ಲಾಡಿಸಿದ ಘಟನೆಯೊಂದು ನಡೆಯಿತು. ‘ಕ್ಯಾಪ್ಟನ್’ ಎಂಬ ಹೊಸ ಯುದ್ಧನೌಕೆ, ರೀಡ್‌ನ ಆಕ್ಷೇಪವಿದ್ದರೂ, ಕೌಪರ್ ಕೋಲ್ಸ್ ಎಂಬ ಅಧಿಕಾರಿಯ ಹಟಕ್ಕೂ ಪತ್ರಿಕೆಗಳ ಒತ್ತಡಕ್ಕೂ ಮಣಿದು ಕಟ್ಟಿದ್ದು. ಅದರ ಅಂಚು ನೀರಿನಿಂದ 8 ಅಡಿ ಮೇಲಿರಬೇಕಿತ್ತು. ಕಟ್ಟಿ ಮುಗಿದಾಗ ಇದ್ದದ್ದು ಆರೂವರೆ ಅಡಿ. ಸೆಪ್ಟೆಂಬರ್ 7ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಸ್ಪೇನಿನ ಫಿನಿಸ್ಟೆರೆ ಭೂಶಿರದ ಹತ್ತಿರ, ಬಿರುಗಾಳಿಗೆ ಅದು ಮಗುಚಿಕೊಂಡಿತು. ಸುಮಾರು 480 ಮಂದಿ ಸತ್ತರು. ಕೋಲ್ಸ್ ಅದರಲ್ಲೇ ಇದ್ದ. ನೌಕಾಖಾತೆಯ ಮುಖ್ಯಸ್ಥ ಹ್ಯೂ ಚಿಲ್ಡರ್ಸ್‌ನ ಹರೆಯದ ಮಗನೂ ಇದ್ದ. ಬದುಕಿದವರು 18 ಮಂದಿ. ಅದೇ ಬಿರುಗಾಳಿಯಲ್ಲಿ ಅದೇ ಪಡೆಯಲ್ಲಿದ್ದ, ರೀಡ್ ವಿನ್ಯಾಸ ಮಾಡಿದ್ದ ‘ಮೊನಾರ್ಕ್’ ಸುರಕ್ಷಿತವಾಗಿ ಉಳಿಯಿತು.

ಕ್ಯಾಪ್ಟನ್ ಮುಳುಗಿದ್ದು ಎಳೆತದ ಲೆಕ್ಕ ತಪ್ಪಿದ್ದರಿಂದಲ್ಲ, ಸಮತೋಲದ ಲೆಕ್ಕ ತಪ್ಪಿದ್ದರಿಂದ. ಆದರೂ ಅದು ಒಂದು ಪಾಠವನ್ನು ಎಲ್ಲರಿಗೂ ಕಲಿಸಿತು. ಹಡಗಿನ ಆಕಾರವನ್ನು ವರ್ಚಸ್ಸಿನಿಂದ, ವಾದದಿಂದ ತೀರ್ಮಾನಿಸಿದರೆ ಅದರ ಬೆಲೆಯನ್ನು ಒಳಗಿರುವವರು ಕೊಡಬೇಕಾಗುತ್ತದೆ. 1871ರಲ್ಲಿ ಯುದ್ಧನೌಕೆಗಳ ವಿನ್ಯಾಸ ಪರಿಶೀಲಿಸಲು ಕೂತ ಸಮಿತಿಯಲ್ಲಿ ಫ್ರೂಡ್ ಸದಸ್ಯನಾಗಿದ್ದ.

ಮೇಣವನ್ನೇಕೆ ಆರಿಸಿದ

ಟಾರ್ಕಿ ಊರಿನ ಚೆಲ್ಸ್‌ಟನ್ ಕ್ರಾಸ್ ಎಂಬ ಅವನ ಮನೆಯ ಪಕ್ಕದಲ್ಲಿ ಕೊಳ ಎದ್ದಿತು: 278 ಅಡಿ ಉದ್ದ, 36 ಅಡಿ ಅಗಲ, 10 ಅಡಿ ಆಳ, ಮೇಲೆ ಮಾಡು. ನೀರಿನ ಮೇಲೆ ಉದ್ದಕ್ಕೂ ಹಳಿ, ಹಳಿಯ ಮೇಲೆ ಹಗ್ಗದಿಂದ ಎಳೆಯುವ ಗಾಡಿ, ಗಾಡಿಯ ಕೆಳಗೆ ಮಾದರಿ. ಎಳೆತದ ಬಲವನ್ನು ಉಪಕರಣವೊಂದು ತಿರುಗುವ ಉರುಳೆಯ ಕಾಗದದ ಮೇಲೆ ತಾನೇ ಗೆರೆಯಾಗಿ ಬರೆಯುತ್ತಿತ್ತು. 1872ರಲ್ಲಿ ಕೆಲಸ ಶುರುವಾಯಿತು.

ಇಲ್ಲಿ ಫ್ರೂಡ್ ಮರವನ್ನು ಕೈಬಿಟ್ಟ. ಮರ ನೀರು ಕುಡಿಯುತ್ತದೆ, ಉಬ್ಬುತ್ತದೆ, ಸೊಟ್ಟಗಾಗುತ್ತದೆ. ಒಂದು ಮೂತಿಯನ್ನು ಅರ್ಧ ಅಂಗುಲ ದಪ್ಪ ಮಾಡಿ ನೋಡೋಣ ಎಂದರೆ ಮರದಲ್ಲಿ ಹೊಸ ಮಾದರಿಯನ್ನೇ ಕೆತ್ತಬೇಕು. ಅವನು ಆರಿಸಿಕೊಂಡಿದ್ದು ಗಟ್ಟಿ ಪ್ಯಾರಾಫಿನ್ ಮೇಣ, ಮೋಂಬತ್ತಿಯ ಜಾತಿಯ ವಸ್ತು. ಅದು ನೀರು ಹೀರುವುದಿಲ್ಲ. ಚಾಕುವಿಗೆ ಬೆಣ್ಣೆಯಂತೆ ಸಿಗುತ್ತದೆ. ಬೇಕೆಂದಲ್ಲಿ ಹೆರೆಯಬಹುದು, ಸೇರಿಸಬಹುದು. ಪರೀಕ್ಷೆ ಮುಗಿದ ಮೇಲೆ ಕರಗಿಸಿ ಮತ್ತೊಂದು ಹಡಗು ಮಾಡಬಹುದು.

ಎರಕ ಹೊಯ್ಯುವ ರೀತಿ ಹೀಗೆ. ಉದ್ದನೆಯ ಪೆಟ್ಟಿಗೆಯಲ್ಲಿ ಜೇಡಿಮಣ್ಣು ತುಂಬಿ, ಅದರಲ್ಲಿ ಒಡಲಿನ ಹೊರ ಆಕಾರವನ್ನು ಸ್ವಲ್ಪ ದೊಡ್ಡದಾಗಿ ತೋಡುವುದು. ಮರದ ಪಟ್ಟಿ ಮತ್ತು ಬಟ್ಟೆಯಿಂದ ಒಳಗಿನ ಆಕಾರದ ತಿರುಳೊಂದನ್ನು ಮಾಡಿ ಆ ಗುಂಡಿಯಲ್ಲಿ ತೂಗುಹಾಕುವುದು. ಎರಡರ ನಡುವೆ ಉಳಿದ ಸಂದಿಗೆ ಕಾದ ಮೇಣ ಹೊಯ್ಯುವುದು. ತಣಿದ ಮೇಲೆ ಸಿಗುವುದು ಒರಟು ಆಕಾರದ, ಒಳಗೆ ಟೊಳ್ಳಾದ ಮೇಣದ ದೋಣಿ. ಅದನ್ನು ಮಗುಚಿ ಫ್ರೂಡ್ ತಾನೇ ರೂಪಿಸಿದ ಯಂತ್ರದ ಮೇಲೆ ಇಡುತ್ತಿದ್ದರು. ಕೆಲಸಗಾರ ನಕ್ಷೆಯ ಗೆರೆಯ ಮೇಲೆ ಒಂದು ಕಡ್ಡಿಯನ್ನು ಓಡಿಸಿದರೆ, ಅದಕ್ಕೆ ಜೋಡಿಸಿದ ಎರಡು ತಿರುಗುವ ಕತ್ತಿಗಳು ಮೇಣದ ಎಡಕ್ಕೂ ಬಲಕ್ಕೂ ಅದೇ ಗೆರೆಯನ್ನು ಕೊರೆಯುತ್ತಿದ್ದವು. ಒಂದು ಮಟ್ಟ ಮುಗಿದರೆ ಮುಂದಿನ ಮಟ್ಟ. ಕೊನೆಗೆ ಒಡಲಿನ ಮೈಯೆಲ್ಲ ಮೆಟ್ಟಿಲು ಮೆಟ್ಟಿಲು. ಆ ಮೆಟ್ಟಿಲುಗಳನ್ನು ಕೈಯಿಂದ ಹೆರೆದು ನುಣುಪು ಮಾಡಿದರೆ ಮಾದರಿ ಸಿದ್ಧ.

ಬಿಡಿಸಿದ ಎರಡು ಎಳೆ

ಹಡಗನ್ನು ನೀರು ಹಿಂದಕ್ಕೆ ಎಳೆಯುವುದು ಮುಖ್ಯವಾಗಿ ಎರಡು ರೀತಿಯಲ್ಲಿ. ಒಂದು, ಹಡಗು ಅಲೆ ಎಬ್ಬಿಸುತ್ತದೆ. ಅಲೆ ಎಬ್ಬಿಸಲು ಶಕ್ತಿ ಬೇಕು. ಇನ್ನೊಂದು, ನೀರು ಮೈಗೆ ಉಜ್ಜುತ್ತದೆ. ಅಲೆಯ ಪಾಲು ಡಾರ್ಟ್ ನದಿಯಲ್ಲಿ ಕಂಡ ನಿಯಮಕ್ಕೆ ಒಗ್ಗುತ್ತದೆ. ಉಜ್ಜುವಿಕೆಯ ಪಾಲು ಒಗ್ಗುವುದಿಲ್ಲ. ಸಣ್ಣ ಮಾದರಿಯಲ್ಲಿ ಅದು ತನ್ನ ಪಾಲಿಗಿಂತ ಹೆಚ್ಚಾಗಿರುತ್ತದೆ. ಹಿಂದಿನವರು ಎರಡನ್ನೂ ಒಟ್ಟಿಗೆ ಹಿಗ್ಗಿಸಿ ಮೋಸಹೋಗಿದ್ದು ಇಲ್ಲಿಯೇ.

ಫ್ರೂಡ್ ಉಜ್ಜುವಿಕೆಯನ್ನು ಬೇರೆಯಾಗಿ ಅಳೆದ. ಅಲೆ ಎಬ್ಬಿಸದಷ್ಟು ತೆಳುವಾದ ಹಲಗೆಗಳನ್ನು ನಿಲ್ಲಿಸಿ ಕೊಳದಲ್ಲಿ ಎಳೆದ. ಉದ್ದ 50 ಅಡಿಯವರೆಗೆ. ಮೈಗೆ ಒಮ್ಮೆ ವಾರ್ನಿಷ್, ಒಮ್ಮೆ ಮೇಣ, ಒಮ್ಮೆ ತವರದ ಹಾಳೆ, ಒಮ್ಮೆ ಬಟ್ಟೆ, ಒಮ್ಮೆ ಮರಳು. ಯಾವ ಮೈಗೆ, ಯಾವ ಉದ್ದಕ್ಕೆ ಎಷ್ಟು ಎಳೆತ ಎಂಬ ಪಟ್ಟಿ ಸಿದ್ಧವಾಯಿತು.

ಈಗ ಲೆಕ್ಕ ನೇರ. ಹಡಗು ಮಾದರಿಗಿಂತ 16 ಪಟ್ಟು ಉದ್ದ ಎಂದುಕೊಳ್ಳಿ. 16ರ ವರ್ಗಮೂಲ 4. ಹಡಗು 12 ನಾಟ್ ವೇಗದಲ್ಲಿ ಓಡುವುದನ್ನು ತಿಳಿಯಲು ಮಾದರಿಯನ್ನು 3 ನಾಟ್ ವೇಗದಲ್ಲಿ ಎಳೆಯಬೇಕು. ಬಂದ ಎಳೆತದಿಂದ ಉಜ್ಜುವಿಕೆಯ ಪಾಲನ್ನು ಪಟ್ಟಿ ನೋಡಿ ಕಳೆಯಬೇಕು. ಉಳಿದದ್ದನ್ನು 16ರ ಘನದಿಂದ, ಅಂದರೆ 4,096ರಿಂದ ಗುಣಿಸಬೇಕು. ಅದಕ್ಕೆ ದೊಡ್ಡ ಹಡಗಿನ ಉಜ್ಜುವಿಕೆಯನ್ನು ಪಟ್ಟಿಯಿಂದ ಲೆಕ್ಕ ಹಾಕಿ ಕೂಡಿಸಬೇಕು. ವೇಗದ ಈ ಹೋಲಿಕೆಯನ್ನು ಫ್ರಾನ್ಸಿನ ಫ್ರೆಡೆರಿಕ್ ರೀಶ್ ಮೊದಲೇ ಬರೆದಿದ್ದ. ಆದರೆ ಎರಡು ಎಳೆಗಳನ್ನು ಬಿಡಿಸಿ, ಅದನ್ನು ಕೆಲಸಕ್ಕೆ ಬರುವ ವಿಧಾನವಾಗಿ ಮಾಡಿದವನು ಫ್ರೂಡ್.

ನಂಬದವರಿಗೆ ಸಾಕ್ಷಿ ಬೇಕಿತ್ತು. ಅವರು ಕೇಳಿದ್ದ ಪರೀಕ್ಷೆಯನ್ನೇ ಅವನು ಮಾಡಿ ತೋರಿಸಿದ. 172 ಅಡಿ ಉದ್ದದ ‘ಗ್ರೇಹೌಂಡ್’ ಎಂಬ ನಿಜವಾದ ಯುದ್ಧನೌಕೆಯನ್ನು ‘ಆಕ್ಟಿವ್’ ಎಂಬ ಇನ್ನೊಂದು ನೌಕೆಯಿಂದ ಸಮುದ್ರದಲ್ಲಿ ಎಳೆಸಿದ. ಮುಂದಿನ ಹಡಗಿನ ಕಲಕಿದ ನೀರು ತಾಗದಿರಲೆಂದು ಅಡ್ಡ ದೂಲಕ್ಕೆ ಹಗ್ಗ ಕಟ್ಟಿ, ಪಕ್ಕಕ್ಕೆ ಸರಿಸಿ ಎಳೆದರು. ಅದರ ಮೇಣದ ಮಾದರಿಯನ್ನು ಟಾರ್ಕಿಯ ಕೊಳದಲ್ಲಿ ಓಡಿಸಿದರು. 1874ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಗೆರೆಗಳೂ ಜೊತೆಜೊತೆಗೆ ಸಾಗಿದ್ದವು. ಇನ್ನೊಂದು ಅಚ್ಚರಿಯೂ ಹೊರಬಿತ್ತು. ಹಡಗಿನ ಎಂಜಿನ್ ಹುಟ್ಟಿಸುವ ಶಕ್ತಿಯಲ್ಲಿ ಅರ್ಧಕ್ಕಿಂತ ಕಡಿಮೆ ಪಾಲು ಮಾತ್ರ ಹಡಗನ್ನು ಮುಂದಕ್ಕೆ ಒಯ್ಯುವುದಕ್ಕೆ ಸಲ್ಲುತ್ತಿತ್ತು. ಎಷ್ಟು ಕಲ್ಲಿದ್ದಲು ಎಲ್ಲಿ ಸೋರಿಹೋಗುತ್ತಿದೆ ಎಂಬುದನ್ನು ಅಂಕಿಯಲ್ಲಿ ಹಿಡಿಯುವ ದಾರಿ ಈಗ ಸಿಕ್ಕಿತ್ತು.

ಮನೆಯ ಮೇಜಿನ ಮೇಲೆ

ಫ್ರೂಡ್‌ನ ಮೇಣದ ಮೇಲಿದ್ದ ಮೆಟ್ಟಿಲುಗಳನ್ನು ಮಾದರಿ ದೋಣಿ ಮಾಡುವ ಹವ್ಯಾಸಿಗಳು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ. ಮನೆಯಲ್ಲಿ ಒಡಲು ಮಾಡುವ ಅತಿ ಹಳೆಯ, ಅತಿ ಸುಲಭದ ವಿಧಾನವೊಂದಕ್ಕೆ ಇಂಗ್ಲಿಷಿನಲ್ಲಿ ‘ಬ್ರೆಡ್ ಅಂಡ್ ಬಟರ್’ ಎಂದೇ ಹೆಸರು. ಹಲಗೆ ಬ್ರೆಡ್, ನಡುವಿನ ಅಂಟು ಬೆಣ್ಣೆ. ನಕ್ಷೆಯಲ್ಲಿ ನೀರಿನ ಮಟ್ಟದ ಗೆರೆಗಳು ಎಷ್ಟು ಅಂತರದಲ್ಲಿವೆಯೋ ಅಷ್ಟೇ ದಪ್ಪದ ಮೆದು ಮರದ ಹಲಗೆ ತರುವುದು. ಪ್ರತಿ ಹಲಗೆಯ ಮೇಲ್ಮೈಯಲ್ಲಿ ಆಯಾ ಮಟ್ಟದ ಗೆರೆ ಬರೆದು ಸಣ್ಣ ಗರಗಸದಿಂದ ಕೊಯ್ಯುವುದು. ಒಳಗಿನ ಭಾಗವನ್ನೂ ಆಗಲೇ ಕೊಯ್ದು ತೆಗೆದರೆ ಆಮೇಲೆ ತೋಡುವ ಕಷ್ಟವಿಲ್ಲ. ನಡುಗೆರೆಗಳು ಒಂದರ ಮೇಲೊಂದು ಕೂರುವಂತೆ ಫೆವಿಕಾಲ್ ಹಾಕಿ ಪೇರಿಸಿ, ಭಾರ ಹೇರಿ ಒಂದು ರಾತ್ರಿ ಬಿಡುವುದು. ಬೆಳಗಾದರೆ ಮೆಟ್ಟಿಲಿನ ದೋಣಿ ಸಿದ್ಧ.

ಆಮೇಲಿನ ಕೆಲಸಕ್ಕೆ ತಾಳ್ಮೆ ಬೇಕು. ಎರಡು ಮೆಟ್ಟಿಲು ಕೂಡುವ ಒಳಮೂಲೆ ಇದೆಯಲ್ಲ, ನಿಜವಾದ ಒಡಲು ಹಾದುಹೋಗುವುದು ಅಲ್ಲಿಂದ. ಆ ಮೂಲೆ ಕಾಣದಾಗುವ ತನಕ ಉಬ್ಬಿದ ಮರವನ್ನು ಹೆರೆಯಬೇಕು. ಅದಕ್ಕಿಂತ ಒಂದು ಕೂದಲೆಳೆಯೂ ಒಳಕ್ಕೆ ಹೋಗಬಾರದು. ಅಂಟಿನ ಗೆರೆಯೇ ಎಲ್ಲಿ ನಿಲ್ಲಬೇಕೆಂದು ಹೇಳುತ್ತದೆ. ಅಡ್ಡ ಆಕಾರಗಳನ್ನು ರಟ್ಟಿನಲ್ಲಿ ಕತ್ತರಿಸಿಟ್ಟುಕೊಂಡು ಅಲ್ಲಲ್ಲಿ ತಾಗಿಸಿ ನೋಡುತ್ತ, ಕೊನೆಗೆ ಕಣ್ಣು ಮುಚ್ಚಿ ಬೆರಳಾಡಿಸಿದರೆ ತಗ್ಗು ದಿಣ್ಣೆ ಗೊತ್ತಾಗುತ್ತವೆ. ಜಾನ್ ಹೆರೆಶಾಫ್‌ನ ಬೆರಳು ಮಾಡಿದ್ದೂ ಇದನ್ನೇ.

ಬೇರೆ ದಾರಿಗಳೂ ಇವೆ. ಪ್ಲೈವುಡ್‌ನಲ್ಲಿ ಅಡ್ಡ ಪಕ್ಕೆಗಳನ್ನು ಕೊಯ್ದು, ಬೆನ್ನುಮೂಳೆಯಂಥ ಉದ್ದ ತುಂಡಿಗೆ ನಿಲ್ಲಿಸಿ, ಮೇಲೆ ತೆಳು ಪಟ್ಟಿಗಳನ್ನು ಬಗ್ಗಿಸಿ ಹೊದಿಸುವುದು ನಿಜವಾದ ಹಡಗಿಗೆ ಹತ್ತಿರದ ವಿಧಾನ. ಅಲ್ಲಿ ಹೊಸಬರು ಎಡವುವುದು ಒಂದೇ ಕಡೆ. ಒಡಲಿನ ನಡು ದಪ್ಪ, ತುದಿ ಸಣ್ಣ. ಆದ್ದರಿಂದ ಪ್ರತಿ ಪಟ್ಟಿಯನ್ನೂ ತುದಿಯತ್ತ ಸಣ್ಣದಾಗಿ ಹೆರೆಯಲೇಬೇಕು. ಹೆರೆಯದೆ ಒತ್ತಿದರೆ ಪಟ್ಟಿ ಮೇಲಕ್ಕೆದ್ದು ನಿಲ್ಲುತ್ತದೆ. ಒಂದೇ ಆಕಾರದ ಹಲವು ದೋಣಿ ಬೇಕೆನ್ನುವವರು ಮರದ ಒಡಲಿನ ಮೇಲೆ ಅಚ್ಚು ತೆಗೆದು ಫೈಬರ್‌ಗ್ಲಾಸ್ ಹೊದಿಸುತ್ತಾರೆ. ಟಾರ್ಕಿಯ ಜೇಡಿಮಣ್ಣಿನ ಅಚ್ಚಿಗೆ ಅದು ದೂರದ ಸಂಬಂಧಿ.

ಗಂಡಭೇರುಂಡದ ಹಾಯಿ

ಫ್ರೂಡ್ ಕೊನೆಯ ತನಕ ಸಂಬಳ ತೆಗೆದುಕೊಳ್ಳಲಿಲ್ಲ. ವಿಶ್ರಾಂತಿಗೆಂದು ನೌಕಾಪಡೆಯ ಹಡಗಿನಲ್ಲಿ ಅತಿಥಿಯಾಗಿ ದಕ್ಷಿಣ ಆಫ್ರಿಕಕ್ಕೆ ಹೋದವನು 1879ರ ಮೇ ತಿಂಗಳಲ್ಲಿ ಸೈಮನ್ಸ್‌ಟೌನ್‌ನಲ್ಲಿ ಆಮಶಂಕೆಯಿಂದ ತೀರಿಕೊಂಡ. ನೌಕಾಪಡೆಯ ಗೌರವದೊಂದಿಗೆ ಅಲ್ಲಿಯೇ ಮಣ್ಣು ಮಾಡಿದರು. ಮಗ ರಾಬರ್ಟ್ ಎಡ್ಮಂಡ್ ಕೆಲಸ ಮುಂದುವರಿಸಿದ. 1886ರಲ್ಲಿ ಕೊಳ ಹಾಸ್ಲರ್‌ಗೆ ಸ್ಥಳಾಂತರವಾಯಿತು. ಅಷ್ಟರಲ್ಲಿ, 1883ರಲ್ಲೇ, ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ಡೆನ್ನಿ ಎಂಬ ಹಡಗು ಕಂಪನಿ ತನ್ನದೇ ಕೊಳ ಕಟ್ಟಿಕೊಂಡಿತ್ತು. ಅದು ಈಗ ವಸ್ತುಸಂಗ್ರಹಾಲಯ.

ವಿಧಾನ ಮಾತ್ರ ವಸ್ತುಸಂಗ್ರಹಾಲಯ ಸೇರಿಲ್ಲ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹಾಯಿಹಡಗು ಭಾರತದ ನೌಕಾಪಡೆಗೆ ಸೇರಿತು. ಅದರಲ್ಲಿ ಹಲಗೆಗೆ ಹಲಗೆ ಜೋಡಿಸಲು ಮೊಳೆ ಬಳಸಿಲ್ಲ. ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಬಾಬು ಶಂಕರನ್ ಅವರ ನೇತೃತ್ವದಲ್ಲಿ ಕೇರಳದ ಕುಶಲಕರ್ಮಿಗಳು ಗೋವಾದಲ್ಲಿ ಕಟ್ಟಿದ್ದು. ಇಂಥ ಹಡಗಿನ ನಕ್ಷೆ ಎಲ್ಲಿಯೂ ಉಳಿದಿರಲಿಲ್ಲ. ಕೈಯಲ್ಲಿದ್ದದ್ದು ಅಜಂತಾದ ಗೋಡೆಯ ಮೇಲಿನ ಒಂದು ಚಿತ್ರ. ಹಾಯಿಯ ಮೇಲೆ ಸೂರ್ಯನ ಜೊತೆ ಕನ್ನಡಿಗರಿಗೆ ಚಿರಪರಿಚಿತ ಗಂಡಭೇರುಂಡ.

ಚಿತ್ರ ನೋಡಿ ಕಟ್ಟಿದ ಹಡಗಿನಲ್ಲಿ ಮನುಷ್ಯರನ್ನು ಸಮುದ್ರಕ್ಕೆ ಕಳಿಸುವುದು ಹೇಗೆ? ನೌಕಾಪಡೆ ಮದ್ರಾಸ್ ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗದ ನೆರವು ಪಡೆಯಿತು. ಹಡಗಿನ ಮಾದರಿಯೊಂದು ನೀರಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬ ಪರೀಕ್ಷೆ ಅಲ್ಲಿ ನಡೆಯಿತು. ಮೇಸ್ತ್ರಿಯ ತಲೆಯಲ್ಲಿದ್ದ ಹೊಲಿಗೆ ವಿದ್ಯೆ, ಗೋಡೆಯ ಮೇಲಿದ್ದ ಆಕಾರ, ಕೊಳದಲ್ಲಿ ಬಂದ ಅಂಕಿ, ಮೂರೂ ಒಂದೇ ಹಡಗಿಗೆ ಬೇಕಾದವು. ಆ ಡಿಸೆಂಬರ್ 29ರಂದು ಕೌಂಡಿನ್ಯ ಪೋರಬಂದರಿನಿಂದ ಮಸ್ಕತ್‌ನತ್ತ ಹಾಯಿ ಬಿಚ್ಚಿ ಹೊರಟಿತು. ದೊಡ್ಡದನ್ನು ಕಡಲಿಗೆ ಬಿಡುವ ಮೊದಲು ಸಣ್ಣದೊಂದನ್ನು ಮಾಡಿ ನೀರಿಗೆ ಬಿಟ್ಟು ನೋಡಿದ್ದರು.